ಡಾಕರ್‌ನಲ್ಲಿ ಮಳೆ ಬಂದರೆ ಸ್ಟೇಜ್ ಯಾಕೆ ರದ್ದು ಮಾಡುತ್ತಾರೆ? 2017ರ ಹೀರೋ ತಂಡದ ಬಗ್ಗೆ ಒಂದು ಪ್ರಶ್ನೆ

ಮೂಡಿಗೆರೆ_450

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ಬೈಕ್ ಹುಚ್ಚು ಸ್ವಲ್ಪ ಜಾಸ್ತಿ. ಜನವರಿ ಬಂತೆಂದರೆ ದಿನಾ ರಾತ್ರಿ ಡಾಕರ್ ನೋಡಿಯೇ ಮಲಗುವುದು. ಗೊತ್ತಿಲ್ಲದವರಿಗೆ, ಡಾಕರ್ ಅಂದರೆ ಬೈಕ್, ಕಾರುಗಳು ಸುಮಾರು ಎರಡು ವಾರ ಓಡುವ ರ‍್ಯಾಲಿ, ಅದರಲ್ಲಿ ಒಂದೊಂದು ದಿನದ ಓಟಕ್ಕೆ ಸ್ಟೇಜ್ ಎನ್ನುತ್ತಾರೆ.

ಹೋದ ವಾರ ಗೆಳೆಯನೊಬ್ಬನ ಜೊತೆ ದೊಡ್ಡ ವಾದ ಆಯಿತು. ವಿಷಯ 2017ರ ಡಾಕರ್. ಹೀರೋ ತಂಡ ಮೊದಲ ಸಲ ಹೋದ ವರ್ಷ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 47ನೇಯವರಾಗಿ ಮುಗಿಸಿದರು, ಅದೇ ತಂಡದ ಪೋರ್ಚುಗಲ್ ಸವಾರ ಜೋಕಿಂ ರೋಡ್ರಿಗಸ್ 10ನೇ ಸ್ಥಾನಕ್ಕೆ ಬಂದ. ಹೊಸ ತಂಡಕ್ಕೆ ಇದು ಎಷ್ಟು ದೊಡ್ಡ ಮಾತು ಅಂತ ನಾನು ಹೇಳಿದೆ. ಗೆಳೆಯ ಒಪ್ಪಲಿಲ್ಲ. "ಆ ವರ್ಷ ಮಳೆ ಬಂತು ಅಂತ ಎರಡು ಸ್ಟೇಜ್ ಪೂರ್ತಿ ರದ್ದು ಮಾಡಿದರು, ಇನ್ನು ಕೆಲವನ್ನು ಅರ್ಧಕ್ಕೆ ಕತ್ತರಿಸಿದರು, ಅದನ್ನು ಮುಗಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ" ಎನ್ನುತ್ತಾನೆ. ಅಷ್ಟೇ ಅಲ್ಲ, "ನಾವು ಆರಿದ್ರಾ ಮಳೆಯಲ್ಲಿ ತೋಟದ ದಾರಿಯಲ್ಲಿ ದಿನಾ ಬೈಕ್ ಓಡಿಸುತ್ತೇವೆ, ಅವರಿಗೆ ಸ್ವಲ್ಪ ಮಳೆ ಬಂದರೆ ರೇಸೇ ನಿಲ್ಲುತ್ತದಾ?" ಅಂತ ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನಿಸಿದೆ. ಡಾಕರ್ ಅಂದರೆ ಪ್ರಪಂಚದಲ್ಲೇ ಅತಿ ಕಷ್ಟದ ರೇಸ್ ಎನ್ನುತ್ತಾರೆ, ಹಾಗಿದ್ದೂ ಮಳೆಗೆ ಯಾಕೆ ನಿಲ್ಲಿಸುತ್ತಾರೆ? ನಮ್ಮ ಕಡೆ ಮಳೆಯಲ್ಲಿ ಓಡಿಸಿ ಅಭ್ಯಾಸ ಇರುವ ಹುಡುಗರಿಗೆ ಅಲ್ಲಿ ಏನಾದರೂ ಉಪಯೋಗ ಆಗುತ್ತದಾ? ಹೊಸ ತಂಡಕ್ಕೆ ಹವಾಮಾನ ಕೆಟ್ಟರೆ ಒಳ್ಳೆಯದಾ ಕೆಟ್ಟದ್ದಾ? ನನ್ನ ತಮ್ಮ ಈಗ ಡರ್ಟ್ ಟ್ರ್ಯಾಕ್‌ನಲ್ಲಿ ಕಲಿಯುತ್ತಿದ್ದಾನೆ, ಅವನೂ ಇದನ್ನೇ ಕೇಳುತ್ತಿದ್ದಾನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬಸವನಗುಡಿ_ಗ್ಯಾರೇಜ್

ಒಳ್ಳೆಯ ಪ್ರಶ್ನೆ. ನಾನು ಮೆಕ್ಯಾನಿಕ್. ಇಲ್ಲಿನ ಕೆಲವು ರ‍್ಯಾಲಿಗಳಲ್ಲಿ ಸರ್ವೀಸ್ ಕೆಲಸ ಮಾಡಿದ್ದೇನೆ. ಡಾಕರ್‌ಗೆ ಹೋಗಿಲ್ಲ, ಆದರೆ 2015ರಿಂದ ಒಂದೊಂದು ದಿನವೂ ಬಿಡದೆ ಹಿಂಬಾಲಿಸಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಸ್ಟೇಜ್ ರದ್ದಾಗುವುದು ಸವಾರನಿಗೆ ಮಳೆಯಲ್ಲಿ ಓಡಿಸಲು ಬರುವುದಿಲ್ಲ ಅಂತ ಅಲ್ಲ. ಹೆಲಿಕಾಪ್ಟರ್ ಹಾರಲು ಆಗುವುದಿಲ್ಲ ಅಂತ.

ಡಾಕರ್‌ನಲ್ಲಿ ಒಂದು ಸ್ಟೇಜ್ ಅಂದರೆ ನೂರಾರು ಕಿಲೋಮೀಟರ್. ಊರಿಲ್ಲ, ರಸ್ತೆ ಇಲ್ಲ, ಆಂಬುಲೆನ್ಸ್ ಬರುವ ದಾರಿ ಇಲ್ಲ. ಪ್ರತಿ ಬೈಕ್‌ನಲ್ಲೂ ಉಪಗ್ರಹದ ಮೂಲಕ ಎಲ್ಲಿದ್ದಾನೆ ಅಂತ ತೋರಿಸುವ ಪೆಟ್ಟಿಗೆ ಇರುತ್ತದೆ. ಸವಾರ ಬಿದ್ದು ಅಲ್ಲಾಡದೆ ಇದ್ದರೆ ಕಂಟ್ರೋಲ್ ರೂಮ್‌ಗೆ ಗೊತ್ತಾಗುತ್ತದೆ, ಅಲ್ಲಿಂದ ಡಾಕ್ಟರ್ ಇರುವ ಹೆಲಿಕಾಪ್ಟರ್ ಹೊರಡುತ್ತದೆ. ಈ ಇಡೀ ಏರ್ಪಾಡು ನಿಂತಿರುವುದು ಆಕಾಶ ತಿಳಿಯಾಗಿರುವುದರ ಮೇಲೆ. ಮೋಡ ಕೆಳಗಿಳಿದರೆ, ಸಿಡಿಲು ಹೊಡೆಯಲು ಶುರುವಾದರೆ ಹೆಲಿಕಾಪ್ಟರ್ ಏಳುವುದಿಲ್ಲ. ಅದು ಏಳದಿದ್ದರೆ ಸವಾರರನ್ನು ಬಿಡುವ ಹಾಗಿಲ್ಲ.

ಇದು ಸುಮ್ನೆ ನಿಯಮದ ಪುಸ್ತಕದ ಮಾತಲ್ಲ. 2021ರಲ್ಲಿ ಸೌದಿಯಲ್ಲಿ ನಾಲ್ಕನೇ ಸ್ಟೇಜ್‌ನಲ್ಲಿ ನಮ್ಮ ಸಂತೋಷ್ ಬಿದ್ದರು. ತಲೆಗೆ ಪೆಟ್ಟಾಗಿತ್ತು. ಹೆಲಿಕಾಪ್ಟರ್‌ನಲ್ಲಿ ರಿಯಾದ್ ಆಸ್ಪತ್ರೆಗೆ ಸಾಗಿಸಿ, ಔಷಧಿ ಕೊಟ್ಟು ಕೋಮಾದಲ್ಲಿ ಇಟ್ಟಿದ್ದರು. ಆ ದಿನಗಳಲ್ಲಿ ನಮ್ಮ ಗ್ಯಾರೇಜ್‌ನಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಅವರು ಚೇತರಿಸಿಕೊಂಡು ಊರಿಗೆ ಬಂದರು. ಅವತ್ತು ಮೋಡ ಮುಚ್ಚಿ ಹೆಲಿಕಾಪ್ಟರ್ ಬರುವುದು ಮೂರು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಅಂತ ನಿಮ್ಮ ಗೆಳೆಯನನ್ನು ಒಮ್ಮೆ ಯೋಚಿಸಲು ಹೇಳಿ.

ಇನ್ನು 2017. ಆ ವರ್ಷ ರೇಸ್ ಪರಾಗ್ವೆಯ ಅಸುನ್ಸಿಯಾನ್‌ನಲ್ಲಿ ಜನವರಿ 2ಕ್ಕೆ ಶುರುವಾಗಿ, ಬೊಲಿವಿಯಾ ಹತ್ತಿ ಇಳಿದು, 14ಕ್ಕೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಮುಗಿಯಿತು. ನಮಗೆ ಜನವರಿ ಅಂದರೆ ಚಳಿಗಾಲ. ಅಲ್ಲಿ ಅದು ಬೇಸಿಗೆ, ಬೊಲಿವಿಯಾದ ಎತ್ತರದ ಬಯಲಿಗೆ ಮಾತ್ರ ಅದೇ ಮಳೆಗಾಲ. ಅಂದರೆ ನಮ್ಮ ಜುಲೈನಲ್ಲಿ ಘಟ್ಟದ ಮೇಲೆ ರೇಸ್ ಇಟ್ಟ ಹಾಗೆ. ತುಪಿಜಾದಿಂದ ಒರುರೋಗೆ ಹೋಗುವ ಐದನೇ ಸ್ಟೇಜ್‌ನ ಎರಡನೇ ಭಾಗವನ್ನು ಮಳೆಗೆ ಕೈಬಿಟ್ಟರು. ಒರುರೋದಲ್ಲಿ ರಾತ್ರಿ ತಂಗುವ ಕ್ಯಾಂಪ್ ಇತ್ತಲ್ಲ, ಅದಕ್ಕೆ ಬಿವಾಕ್ ಎನ್ನುತ್ತಾರೆ, ಅದು ಪೂರ್ತಿ ಕೆಸರು ಗದ್ದೆಯಾಯಿತು. ಮಾರನೆಯ ದಿನ ಒರುರೋದಿಂದ ಲಾ ಪಾಸ್‌ಗೆ ಹೋಗುವ ಆರನೇ ಸ್ಟೇಜ್ ಪೂರ್ತಿ ರದ್ದು. ಆಮೇಲೆ ಲಾ ಪಾಸ್‌ನಿಂದ ಉಯುನಿ ಸ್ಟೇಜನ್ನೂ ಮೊಟಕು ಮಾಡಿದರು. ಕೊನೆಗೆ ಅರ್ಜೆಂಟೀನಾದಲ್ಲಿ ಸಾಲ್ಟಾದಿಂದ ಚಿಲೆಸಿಟೋಗೆ ಹೋಗುವ ಒಂಬತ್ತನೆಯದೂ ರದ್ದು. ಅದರ ಕಾರಣ ಬೇರೆ, ಗುಡ್ಡ ಕುಸಿತ.

ಆ ಮಳೆಯ ದಿನಗಳಲ್ಲಿ ಸವಾರರು ಹಾಸಿಗೆಯಲ್ಲಿ ಮಲಗಿರಲಿಲ್ಲ ಎನ್ನುವುದನ್ನೂ ನೋಡಿ. ರದ್ದಾಗಿದ್ದು ಸಮಯದ ಲೆಕ್ಕ ಇಡುವ ಓಟ ಮಾತ್ರ. ಒರುರೋದಿಂದ ಲಾ ಪಾಸ್‌ಗೆ ಬೈಕ್ ಓಡಿಸಿಕೊಂಡೇ ಹೋಗಬೇಕಿತ್ತು. ಮಳೆಯಲ್ಲೇ.

ಸೋಮವಾರಪೇಟೆ_ಡರ್ಟ್

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಸವಾರನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

"ನಾವೂ ಮಳೆಯಲ್ಲಿ ಓಡಿಸುತ್ತೇವೆ" ಎನ್ನುವುದು ನನಗೂ ಮೊದಲು ಇದ್ದ ಧೈರ್ಯ. ನಮ್ಮ ಕೊಡಗಿನ ಮಳೆಯನ್ನು ನೋಡಿದವರಿಗೆ ಯಾವ ಮಳೆಯೂ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ನಮ್ಮ ಮಳೆ ಬೆಚ್ಚಗಿನ ಮಳೆ ಮಾರಾಯರೇ. ಒದ್ದೆಯಾದರೆ ಮನೆಗೆ ಬಂದು ಒಲೆ ಮುಂದೆ ಕೂತರೆ ಆಯಿತು. ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ, ಸುಮಾರು 1,930 ಮೀಟರ್. ಲಾ ಪಾಸ್, ಒರುರೋ, ಉಯುನಿ ಎಲ್ಲ 3,600 ಮೀಟರ್ ಮೇಲೆ. ಹತ್ತಿರ ಹತ್ತಿರ ಎರಡು ಪಟ್ಟು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. ಬೈಕ್ ಎತ್ತಿ ನಿಲ್ಲಿಸಿದರೆ ಸಾಕು, ಏದುಸಿರು ಬರುತ್ತದೆ. ನಾನು ಲಡಾಖ್‌ನಲ್ಲಿ ಒಮ್ಮೆ ಬಿದ್ದು ಬೈಕ್ ಎತ್ತಿದ ಮೇಲೆ ಹತ್ತು ನಿಮಿಷ ಕಲ್ಲಿನ ಮೇಲೆ ಕೂತಿದ್ದೆ, ಕಣ್ಣು ಕತ್ತಲೆ ಬಂದಿತ್ತು. ಅಂಥ ಜಾಗದಲ್ಲಿ ಒದ್ದೆ ಬಟ್ಟೆ, ಎದುರು ಗಾಳಿ, ಮೇಲೆ ಆಲಿಕಲ್ಲು. ಕೈಬೆರಳು ಮರಗಟ್ಟಿದರೆ ಕ್ಲಚ್ ಎಷ್ಟು ಒತ್ತಿದ್ದೇನೆ ಅಂತಲೇ ತಿಳಿಯುವುದಿಲ್ಲ. ಎಂಜಿನ್‌ಗೂ ಅದೇ ಪಾಡು. ಗಾಳಿ ತೆಳುವಾದರೆ ಅದಕ್ಕೂ ಉಸಿರಿಲ್ಲ, ಗಾಡಿ ಎಳೆಯುವುದಿಲ್ಲ.

ಕೆಟ್ಟ ಹವಾಮಾನದ ಬಗ್ಗೆ ಮಾತಾಡುವುದಾದರೆ 2017ಕ್ಕಿಂತ ಮೊದಲು 2015ರ ಉಯುನಿ ದಿನವನ್ನು ನೋಡಬೇಕು. ಅದು ಸಂತೋಷ್ ಅವರ ಮೊದಲ ಡಾಕರ್. ಆಗ ಅವರಿಗೆ ಹೀರೋ ತಂಡ ಇರಲಿಲ್ಲ, ಕೆಟಿಎಂ ಬೈಕ್‌ನಲ್ಲಿ ಹೋಗಿದ್ದರು. ಉಯುನಿ ಅಂದರೆ ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡ ಉಪ್ಪಿನ ಬಯಲು, ಪ್ರಪಂಚದಲ್ಲೇ ದೊಡ್ಡದು. ಒಣಗಿದ್ದರೆ ಸಿಮೆಂಟ್ ನೆಲದ ಹಾಗೆ, ಎಷ್ಟು ಜೋರಾಗಿ ಬೇಕಾದರೂ ಹೋಗಬಹುದು. ಆ ಸಲ ಮಳೆ ಬಂದು ಉಪ್ಪಿನ ಮೇಲೆ ನೀರು ನಿಂತಿತ್ತು. ಜನವರಿ 12ರ ಬೆಳಿಗ್ಗೆ ಕೆಲವು ಸವಾರರು ಹೊರಡುವುದೇ ಬೇಡ ಅಂತ ಕೇಳಿಕೊಂಡರು. ಆದರೂ ಬಿಟ್ಟರು.

ಏನಾಯಿತು ಗೊತ್ತಾ? ಮಳೆ ನೀರು ಬೇರೆ, ಉಪ್ಪು ನೀರು ಬೇರೆ. ಉಪ್ಪು ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ವೈರಿಂಗ್ ಜಾಯಿಂಟ್ ಒಳಗೆ ಹೋದರೆ ಶಾರ್ಟ್. ರೇಡಿಯೇಟರ್ ಮೇಲೆ ಬಿದ್ದ ಉಪ್ಪು ಎಂಜಿನ್ ಬಿಸಿಗೆ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಅಲ್ಲಿಯವರೆಗೆ ರೇಸ್‌ನಲ್ಲಿ ಮುಂದಿದ್ದ ಹೋಂಡಾದ ಜೊವಾನ್ ಬರೆಡಾ ಬೈಕ್ ಅಲ್ಲೇ ನಿಂತುಹೋಯಿತು. ತಂಡದ ಇನ್ನೊಬ್ಬ ಸವಾರ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಗಂಟೆಗಟ್ಟಲೆ ಹೊತ್ತು ಕಳೆದುಹೋಯಿತು, ಗೆಲುವೂ ಹೋಯಿತು. ಆ ವರ್ಷ ಮಾರ್ಕ್ ಕೋಮ ಗೆದ್ದ. ಚಳಿಗೆ ಮೈ ನಡುಗಿ ರೇಸ್ ಬಿಟ್ಟವರೂ ಇದ್ದರು. ಇನ್ನೊಂದು ವಿಷಯ, ಅದು ಬೈಕ್‌ಗಳಿಗೆ ಮ್ಯಾರಥಾನ್ ಸ್ಟೇಜ್. ಅಂದರೆ ಹಿಂದಿನ ರಾತ್ರಿ ಮೆಕ್ಯಾನಿಕ್ ಯಾರೂ ಬೈಕ್ ಮುಟ್ಟುವಂತಿಲ್ಲ. ಏನು ಮಾಡಿದರೂ ಸವಾರನೇ ಮಾಡಿಕೊಳ್ಳಬೇಕು.

ಅಂಥ ದಿನವನ್ನು ದಾಟಿ ಸಂತೋಷ್ ಆ ವರ್ಷ 36ನೇಯವರಾಗಿ ಮುಗಿಸಿದರು. ಡಾಕರ್ ಮುಗಿಸಿದ ಮೊದಲ ಭಾರತೀಯ. ನನಗೆ ಅವರ ಎಲ್ಲ ಓಟಗಳಲ್ಲಿ ಅದೇ ದೊಡ್ಡದು.

ಮಲ್ಪೆ_ಪ್ರವೀಣ

ಉಪ್ಪಿನ ವಿಷಯ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಕಡಲ ಬದಿ ಮನೆ ಇದ್ದರೆ ಹೊಸ ಬೈಕ್‌ನ ಸೈಲೆನ್ಸರ್‌ಗೆ ಎರಡೇ ವರ್ಷದಲ್ಲಿ ತುಕ್ಕು. ಬರೀ ಗಾಳಿಗೇ ಹೀಗಾದರೆ ಉಪ್ಪು ನೀರನ್ನೇ ಎರಚಿಕೊಂಡು ಗಂಟೆಗಟ್ಟಲೆ ಓಡಿದರೆ ಏನಾಗಬೇಡ.

ಎಲ್ಲರೂ ಸಂತೋಷ್ ಹೆಸರು ಹೇಳಿದಿರಿ, ನಮ್ಮ ಉಡುಪಿಯ ಕೆ.ಪಿ. ಅರವಿಂದ್ ಅವರನ್ನೂ ನೆನೆಯಬೇಕು. ಈಗ ಅರ್ಧ ಜನರಿಗೆ ಬಿಗ್ ಬಾಸ್ ಅರವಿಂದ್ ಅಂತಲೇ ಗೊತ್ತು, ಎಂಟನೇ ಸೀಸನ್‌ನಲ್ಲಿ ರನ್ನರ್ ಅಪ್ ಆಗಿದ್ದರಲ್ಲ. ಆದರೆ ಅವರು ಅದಕ್ಕೂ ಮೊದಲು ಷೆರ್ಕೊ ಟಿವಿಎಸ್ ತಂಡದಿಂದ ಮೂರು ಸಲ ಡಾಕರ್‌ಗೆ ಹೋಗಿ ಬಂದವರು. ಈ 2017ರದ್ದೇ ಅವರ ಮೊದಲನೆಯದು. ಆ ಸಲವೂ, 2018ರಲ್ಲೂ ಅರ್ಧಕ್ಕೇ ನಿಲ್ಲಬೇಕಾಯಿತು. ಮೂರನೇ ಸಲ 2019ರಲ್ಲಿ ಪೆರುವಿನಲ್ಲಿ 37ನೇಯವರಾಗಿ ಮುಗಿಸಿದರು. ಎರಡು ಸಲ ಬಿದ್ದವನು ಮೂರನೇ ಸಲ ಹೋಗುವುದು ಅಂದರೆ ಸುಲಭ ಅಲ್ಲ. ಉಡುಪಿಯಂಥ ಮಳೆ ಊರಿನ ಹುಡುಗ ಕೊನೆಗೆ ಮುಗಿಸಿದ್ದು ಬಹುಪಾಲು ಮರಳೇ ಇದ್ದ ರೇಸ್ ಅನ್ನುವುದನ್ನು ನಿಮ್ಮ ತಮ್ಮನಿಗೆ ಹೇಳಿ. ಮಳೆ ಅಭ್ಯಾಸಕ್ಕಿಂತ ಹಟ ಜಾಸ್ತಿ ಕೆಲಸಕ್ಕೆ ಬಂತು ಅಂತ ನನಗೆ ಅನ್ನಿಸುತ್ತದೆ.

ಮೂಡಿಗೆರೆ_450

ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೆಲಿಕಾಪ್ಟರ್ ವಿಷಯ ನಿಜವಾಗಿಯೂ ನನಗೆ ಹೊಳೆದೇ ಇರಲಿಲ್ಲ.

ಬಸವನಗುಡಿ ಅಣ್ಣ, ಗುಡ್ಡ ಕುಸಿತ ಅಂದಿರಲ್ಲ, ಅದನ್ನು ಸ್ವಲ್ಪ ಹೇಳಿ. ಸವಾರರು ಗುಡ್ಡ ದಾಟಿ ಹೋಗಿದ್ದರೆ ರೇಸ್ ನಡೆಸಬಹುದಿತ್ತಲ್ಲ? ತಂಡದ ಉಳಿದವರು ಆಗ ಎಲ್ಲಿರುತ್ತಾರೆ? ಟಿವಿಯಲ್ಲಿ ಬರೀ ಬೈಕ್ ತೋರಿಸುತ್ತಾರೆ, ಹಿಂದೆ ಏನು ನಡೆಯುತ್ತದೆ ಅಂತ ಗೊತ್ತಾಗುವುದೇ ಇಲ್ಲ.

ಬಸವನಗುಡಿ_ಗ್ಯಾರೇಜ್

ಇದು ನನಗೆ ತುಂಬಾ ಇಷ್ಟವಾದ ಭಾಗ. ಯಾಕೆಂದರೆ ಇದು ನಮ್ಮಂಥವರ ಕಥೆ.

ಬೈಕ್‌ಗಳು ಒಂದು ದಾರಿಯಲ್ಲಿ ಹೋದರೆ ತಂಡದ ಲಾರಿ, ವ್ಯಾನ್‌ಗಳು ಬೇರೆ ದಾರಿಯಲ್ಲಿ ಟಾರ್ ರಸ್ತೆ ಹಿಡಿದು ಮುಂದಿನ ಕ್ಯಾಂಪ್‌ಗೆ ಹೋಗುತ್ತವೆ. ಅದರಲ್ಲೇ ಟೈರ್, ಎಂಜಿನ್, ಬಿಡಿಭಾಗ, ಟೆಂಟ್, ಅಡುಗೆ ಸಾಮಾನು ಎಲ್ಲ. ಬೈಕ್ ಸಂಜೆ ಬಂದು ನಿಂತ ಮೇಲೆ ಮೆಕ್ಯಾನಿಕ್ ಕೆಲಸ ಶುರು. ಪೂರ್ತಿ ಬಿಚ್ಚಿ, ತೊಳೆದು, ಫಿಲ್ಟರ್ ಬದಲಿಸಿ, ಆಯಿಲ್ ಬದಲಿಸಿ, ಒಂದೊಂದು ಬೋಲ್ಟೂ ನೋಡಬೇಕು. ಬೆಳಗಿನ ಜಾವಕ್ಕೆ ಬೈಕ್ ಮತ್ತೆ ಹೊರಡಬೇಕು. ಬೈಕ್ ಹೋದ ಮೇಲೆ ಟೆಂಟ್ ಮಡಚಿ ಲಾರಿ ಹತ್ತಬೇಕು. ನಿದ್ದೆ ಬಂದರೆ ಲಾರಿಯಲ್ಲೇ. ಎರಡು ವಾರ ಇದೇ.

ಈಗ ಒರುರೋದಂಥ ಕೆಸರಿನ ಕ್ಯಾಂಪನ್ನು ಕಣ್ಣಮುಂದೆ ತಂದುಕೊಳ್ಳಿ. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ನೀರು. ಕೈಯಿಂದ ಜಾರಿದ ವಾಷರ್ ಕೆಸರಿನಲ್ಲಿ ಬಿದ್ದರೆ ಸಿಗುವುದಿಲ್ಲ. ಏರ್ ಫಿಲ್ಟರ್ ಹಾಕುವಾಗ ಒಂದು ಹನಿ ಕೊಳೆ ನೀರು ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ನಾನು ಇಲ್ಲಿ ಒಂದು ರ‍್ಯಾಲಿಯಲ್ಲಿ ಒಂದೇ ಒಂದು ರಾತ್ರಿ ಸುರಿಯುವ ಮಳೆಯಲ್ಲಿ ಕ್ಲಚ್ ಪ್ಲೇಟ್ ಬದಲಿಸಿದ್ದೇನೆ. ಟಾರ್ಚ್ ಹಿಡಿದ ಹುಡುಗನ ಕೈ ನಡುಗುತ್ತಿತ್ತು. ಬೆಳಿಗ್ಗೆ ಬೈಕ್ ಸ್ಟಾರ್ಟ್ ಆದಾಗ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಅದನ್ನು 3,700 ಮೀಟರ್ ಎತ್ತರದಲ್ಲಿ, ತಲೆನೋವು ಇಟ್ಟುಕೊಂಡು ಮಾಡಿದವರ ಬಗ್ಗೆ ನನಗೆ ಬಹಳ ಗೌರವ.

ಹೀರೋ ತಂಡ 2016ರಲ್ಲಿ ಶುರುವಾಗಿದ್ದು. ಜರ್ಮನಿಯ ಸ್ಪೀಡ್‌ಬ್ರೇನ್ ಜೊತೆ ಸೇರಿ ಕಟ್ಟಿದ ತಂಡ, ಬೈಕ್ ಕೂಡ ಅವರದೇ. ಒಟ್ಟಿಗೆ ಕೆಲಸ ಮಾಡಿ ಪಳಗಿದವರು ಮಳೆಯಲ್ಲೂ ಹೇಗೋ ನಿಭಾಯಿಸುತ್ತಾರೆ. ಹೊಸ ತಂಡಕ್ಕೆ ಯಾವ ಡಬ್ಬಿ ಯಾವ ಲಾರಿಯಲ್ಲಿದೆ ಎನ್ನುವುದರಿಂದಲೇ ತೊಂದರೆ ಶುರು. ಅದಕ್ಕೇ ಎರಡೂ ಬೈಕ್‌ಗಳನ್ನು ಬ್ಯೂನಸ್ ಐರಿಸ್‌ಗೆ ಮುಟ್ಟಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ವಿಷಯ.

ಗುಡ್ಡ ಕುಸಿತ ಆಗಿದ್ದು ಜನವರಿ 10ಕ್ಕೆ. ಅರ್ಜೆಂಟೀನಾದ ಹುಹುಯ್ ಪ್ರಾಂತ್ಯದ ವೊಲ್ಕಾನ್ ಎನ್ನುವ ಊರು. ಬೆಟ್ಟದ ಮೇಲಿಂದ ಕೆಸರು, ಕಲ್ಲು ಹರಿದು ಬಂದು ಊರಿನ ಮನೆಗಳಿಗೇ ನುಗ್ಗಿತು, ಸಾವೂ ಆಯಿತು. 2018ರಲ್ಲಿ ಮಡಿಕೇರಿ ಕಡೆ ಆಗಿದ್ದನ್ನು ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬೊಲಿವಿಯಾದಿಂದ ಇಳಿದು ಬರುವ ಮುಖ್ಯ ರಸ್ತೆ ಅದೇ. ಅದು ಮುಚ್ಚಿತು. ರೇಸ್‌ನ ಗಾಡಿಗಳಲ್ಲಿ ಬಹಳಷ್ಟು ಸಾಲ್ಟಾ ತಲುಪಲೇ ಇಲ್ಲ. ಸುತ್ತುದಾರಿ ಹಿಡಿದು ಬರಬೇಕಾಯಿತು. ಈಗ ನೀವೇ ಹೇಳಿ, ಬೈಕ್ ಸಾಲ್ಟಾದಲ್ಲಿದೆ, ಟೈರ್ ಇರುವ ಲಾರಿ ಬೆಟ್ಟದ ಆಚೆ ಇದೆ. ಮಾರನೆಯ ದಿನ ರೇಸ್ ಬಿಟ್ಟರೆ ಯಾರ ಲಾರಿ ಬಂದಿದೆಯೋ ಅವರು ಗೆಲ್ಲುತ್ತಾರೆ. ಅದಕ್ಕೇ ಒಂಬತ್ತನೇ ಸ್ಟೇಜ್ ನಿಲ್ಲಿಸಿದ್ದು.

ಧಾರವಾಡ_ಎರೆಮಣ್ಣು

ಎಲ್ಲರದೂ ಓದಿದೆ. ಆದರೆ ಪ್ರಶ್ನೆ ಕೇಳಿದವರ ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ರದ್ದಾದ ಒಂಬತ್ತನೇ ಸ್ಟೇಜ್ ಬೆಲೆನ್ ಮರಳಿನ ಭಾಗದ್ದು. ಆ ವರ್ಷದ ಅತಿ ಕಷ್ಟದ ದಿನ ಅದೇ ಆಗುತ್ತದೆ ಅಂತ ಎಲ್ಲರೂ ಮೊದಲೇ ಹೇಳುತ್ತಿದ್ದರು. ಅದು ನಡೆದಿದ್ದರೆ ಪಟ್ಟಿ ಮೇಲೆ ಕೆಳಗೆ ಆಗುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಸ್ಟೇಜ್ ರದ್ದಾದರೆ ಮುಂದಿರುವವನಿಗೆ ಲಾಭ, ಹಿಂದೆ ಬಿದ್ದು ಸಮಯ ಹಿಡಿಯಬೇಕು ಅಂದುಕೊಂಡವನಿಗೆ ನಷ್ಟ. ಆ ವರ್ಷ ಗೆದ್ದ ಸ್ಯಾಮ್ ಸಂಡರ್‌ಲ್ಯಾಂಡ್‌ಗೂ ಇದೇ ಮಾತು ಅನ್ವಯಿಸುತ್ತದೆ. ಡಾಕರ್ ಗೆದ್ದ ಮೊದಲ ಬ್ರಿಟಿಷ್ ಸವಾರ ಅವನು, ಅವನ ಗೆಲುವನ್ನು ಯಾರೂ ಅರ್ಧ ಗೆಲುವು ಎನ್ನುವುದಿಲ್ಲ. ಹಾಗಾದರೆ ಸಂತೋಷ್ ಅವರ 47ನ್ನು ಯಾಕೆ ಅರ್ಧ ಅನ್ನಬೇಕು? ಓಡಿದವರೆಲ್ಲ ಓಡಿದ್ದು ಅಷ್ಟೇ ದೂರ. ಹಿಂದಿನ ವರ್ಷ ಗೆದ್ದಿದ್ದ ಟೋಬಿ ಪ್ರೈಸ್ ಆ ಸಲ ನಾಲ್ಕನೇ ಸ್ಟೇಜ್‌ನಲ್ಲಿ ತೊಡೆಮೂಳೆ ಮುರಿದುಕೊಂಡು ಮನೆಗೆ ಹೋದ. ಅಂಥ ರೇಸ್ ಅದು.

ಕೆಸರಿನ ಬಗ್ಗೆ ಒಂದು ಮಾತು. ಎಲ್ಲ ಕೆಸರೂ ಒಂದೇ ಅಲ್ಲ. ಮಲೆನಾಡಿನ ಕೆಂಪು ಮಣ್ಣು ಜಾರುತ್ತದೆ, ಆದರೆ ಕೆಳಗೆ ಗಟ್ಟಿ ಸಿಗುತ್ತದೆ. ನಮ್ಮ ಎರೆ ಹೊಲದಲ್ಲಿ ಮಳೆ ಬಂದ ಮೇಲೆ ಸೈಕಲ್ ತಳ್ಳಿದವರನ್ನು ಕೇಳಿ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಮೆತ್ತಿ ಚಕ್ರವೇ ತಿರುಗುವುದಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ಬರಬೇಕು. ದಕ್ಷಿಣ ಅಮೆರಿಕದ ರೇಸ್‌ನಲ್ಲಿ ಫೆಶ್‌ಫೆಶ್ ಅಂತ ಒಂದಿದೆ, ಒಣಗಿದ್ದಾಗ ಮೈದಾ ಹಿಟ್ಟಿನಂಥ ಧೂಳು. ಅದಕ್ಕೆ ನೀರು ಬಿದ್ದರೆ ಏನಾಗುತ್ತದೆ ಅಂತ ಎರೆ ಭೂಮಿಯವನಿಗೆ ಬೇಗ ಅರ್ಥವಾಗುತ್ತದೆ. ಆದ್ದರಿಂದ ಮಳೆಯಲ್ಲಿ ಓಡಿಸಿದ ಅಭ್ಯಾಸ ಅನ್ನುವುದಕ್ಕಿಂತ ಬೇರೆ ಬೇರೆ ಮಣ್ಣಿನ ಮೇಲೆ ಓಡಿಸಿದ ಅಭ್ಯಾಸ ಇದ್ದರೆ ಉಪಯೋಗ. ನಿಮ್ಮ ತಮ್ಮ ಒಂದು ಮುಂಗಾರಿನಲ್ಲಿ ನಮ್ಮ ಕಡೆ ಬರಲಿ.

ರಿಯಾದ್_ಬಂಟ್ವಾಳ

ನಮಸ್ಕಾರ, ಊರು ಬಂಟ್ವಾಳ, ಕೆಲಸ ರಿಯಾದ್‌ನಲ್ಲಿ. 2020ರಿಂದ ಡಾಕರ್ ಸೌದಿಗೆ ಬಂದಿದೆ, ಹಾಗಾಗಿ ನನಗೆ ಇದು ಮನೆ ಬಾಗಿಲಿನ ರೇಸ್. ಇನ್ನು ಮಳೆ ಕಾಟ ಇರುವುದಿಲ್ಲ ಅಂತ ಎಲ್ಲರೂ ಅಂದುಕೊಂಡರು. ಇಲ್ಲಿ ಬಂದು ಇರುವವರಿಗೆ ಗೊತ್ತು, ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಅಂದರೆ ಸರಿಯಾಗಿ ರೇಸ್ ಹೊತ್ತಿಗೆ.

ನಮ್ಮ ನೇತ್ರಾವತಿಗೆ ಮಳೆ ಬಂದರೆ ನೀರು ಮೆಲ್ಲಗೆ ಏರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಹಾಗಲ್ಲ. ವಾಡಿ ಎನ್ನುತ್ತಾರೆ, ಒಣಗಿದ ಹೊಳೆ ಪಾತ್ರ. ವರ್ಷವಿಡೀ ಬರೀ ಮರಳು, ಕಲ್ಲು. ಎಲ್ಲೋ ದೂರದ ಗುಡ್ಡದಲ್ಲಿ ಒಂದು ಗಂಟೆ ಜೋರು ಮಳೆ ಬಿದ್ದರೆ ಸಾಕು, ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಕೆಂಪು ನೀರು ಒಮ್ಮೆಲೇ ನುಗ್ಗಿ ಬರುತ್ತದೆ. ನಾನು ಒಂದು ಸಲ ಗೆಳೆಯರ ಜೊತೆ ಕಾರಿನಲ್ಲಿ ಹೋಗುವಾಗ ನೋಡಿದ್ದೇನೆ. ಐದು ನಿಮಿಷ ಮೊದಲು ನಾವು ದಾಟಿದ್ದ ಜಾಗ ಅದು. ರೇಸ್ ದಾರಿ ಎಷ್ಟೋ ಕಡೆ ಇಂಥ ವಾಡಿಗಳಲ್ಲೇ ಹೋಗುತ್ತದೆ.

2022ರಲ್ಲಿ ಅಲ್ ಅರ್ತಾವಿಯಾ ಎನ್ನುವಲ್ಲಿ ಮ್ಯಾರಥಾನ್ ಸ್ಟೇಜ್‌ಗೆ ಕ್ಯಾಂಪ್ ಹಾಕಿದ್ದರು, ಮಳೆಗೆ ಅದು ಮುಳುಗಿತು. ಮ್ಯಾರಥಾನ್ ಬಿಟ್ಟು ಎಲ್ಲರನ್ನೂ ಅಲ್ ಕೈಸೂಮಾಗೆ ಕಳಿಸಿದರು. ಮಾರನೆಯ ದಿನ ಮೂರನೇ ಸ್ಟೇಜ್, ಅದೂ ಮಳೆಯಿಂದ ಮೊಟಕಾಗಿತ್ತು. ಅದನ್ನು ಗೆದ್ದವನು ಯಾರು ಗೊತ್ತಾ? ಹೀರೋ ತಂಡದ ಅದೇ ಜೋಕಿಂ ರೋಡ್ರಿಗಸ್! ಭಾರತದ ಕಂಪನಿಯೊಂದಕ್ಕೆ ಡಾಕರ್‌ನಲ್ಲಿ ಸಿಕ್ಕ ಮೊದಲ ಸ್ಟೇಜ್ ಗೆಲುವು ಅದು. ಎರಡು ವರ್ಷ ಮೊದಲು ಇದೇ ಸೌದಿಯಲ್ಲಿ, ಅದೇ ತಂಡದ ಪೌಲೊ ಗೊನ್ಸಾಲ್ವಿಸ್ ರೇಸ್‌ನಲ್ಲೇ ತೀರಿಕೊಂಡಿದ್ದ. ರೋಡ್ರಿಗಸ್‌ಗೆ ಅವನು ಹತ್ತಿರದ ನೆಂಟ. ತಂಡ ಆ ವರ್ಷ ರೇಸ್ ಬಿಟ್ಟು ಹೊರಬಂದಿತ್ತು. ಇದೆಲ್ಲ ಗೊತ್ತಿದ್ದರಿಂದ ಆ ಗೆಲುವಿನ ಸುದ್ದಿ ಓದಿದಾಗ ನಾನು ಆಫೀಸಿನಲ್ಲೇ ಎದ್ದು ನಿಂತೆ.

2023ರಲ್ಲೂ ಅಷ್ಟೇ. ಅಲ್ ದುವಾದಿಮಿ ಕ್ಯಾಂಪ್ ನೀರಿನಲ್ಲಿ ಮುಳುಗಿ, ಆರನೇ ಸ್ಟೇಜನ್ನು ನಮ್ಮ ರಿಯಾದ್ ಕಡೆ ತಿರುಗಿಸಿದರು. ಮಳೆ, ಚಳಿ, ಉದ್ದದ ದಾರಿ ಎಲ್ಲ ಸೇರಿ ಸವಾರರು ಹಣ್ಣಾಗಿದ್ದರು, ಹಾಗಾಗಿ ಏಳನೆಯದನ್ನು ಬೈಕ್‌ಗಳಿಗೆ ರದ್ದು ಮಾಡಿದರು. ಕಾರಿನವರು ಓಡಿದರು. ಕಾರಿಗೆ ಮೇಲೆ ಸೂರು ಇದೆ, ಹೀಟರ್ ಇದೆ, ದಾರಿ ಓದಲು ಪಕ್ಕದಲ್ಲಿ ಒಬ್ಬ ಕೂತಿರುತ್ತಾನೆ. ಬೈಕ್‌ನವನು ಒಬ್ಬನೇ ಮಳೆಯಲ್ಲಿ ನೆನೆಯುತ್ತಾ ದಾರಿಯನ್ನೂ ಓದಬೇಕು, ಗಾಡಿಯನ್ನೂ ಹಿಡಿಯಬೇಕು.

ಹೊಸ ತಂಡಕ್ಕೆ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದ್ದಿರಿ. 2017ರ ಹೊಸ ತಂಡಕ್ಕೆ ಅದು ಬರೀ ಕಷ್ಟ ಅಂತ ನನ್ನ ಲೆಕ್ಕ. ಐದು ವರ್ಷ ಕಳೆದ ಮೇಲೆ ಅದೇ ತಂಡ, ಅದೇ ಸವಾರ ಮಳೆ ಕೆಡಿಸಿದ ದಿನವೇ ಗೆದ್ದರು.

ಮೂಡಿಗೆರೆ_450

ಈ ಪುಟವನ್ನು ಹಾಗೇ ಗೆಳೆಯನಿಗೆ ಕಳಿಸಿದ್ದೇನೆ. ಓದಿ "2022ರ ಸ್ಟೇಜ್ ವಿಡಿಯೋ ಹುಡುಕು, ಇವತ್ತು ರಾತ್ರಿ ನೋಡೋಣ" ಅಂತ ಹೇಳಿದ್ದಾನೆ. ಹೆಲಿಕಾಪ್ಟರ್ ವಿಷಯ ಒಪ್ಪಿದ, ಬೆಲೆನ್ ವಿಷಯದಲ್ಲಿ ಮಾತ್ರ ಧಾರವಾಡದವರ ಪಕ್ಷ.

ತಮ್ಮ ಒಂದು ಪ್ರಶ್ನೆ ಕೇಳುತ್ತಿದ್ದಾನೆ. ಮಳೆಯಲ್ಲಿ ಗಾಗಲ್ಸ್ ಒಳಗೆ ಮಂಜು ಕಟ್ಟಿದರೆ ಏನು ಮಾಡುವುದು? ಅವನಿಗೆ ಮೊನ್ನೆ ಟ್ರ್ಯಾಕ್‌ನಲ್ಲಿ ಅದೇ ಆಗಿ ಬಿದ್ದಿದ್ದಾನೆ. ಮೊಣಕೈ ತರಚಿದೆ ಅಷ್ಟೇ, ಗಾಬರಿ ಏನಿಲ್ಲ.

ಸೋಮವಾರಪೇಟೆ_ಡರ್ಟ್

ಎರಡು ಪದರದ ಲೆನ್ಸ್ ಇರುವುದನ್ನೇ ತೆಗೆದುಕೊಳ್ಳಿ, ಮಂಜು ಕಡಿಮೆ ಕಟ್ಟುತ್ತದೆ. ಗಾಗಲ್ಸ್ ಸುತ್ತ ಇರುವ ಸ್ಪಂಜ್ ಒದ್ದೆಯಾದರೆ ಮುಗಿಯಿತು, ಎಷ್ಟು ಒರೆಸಿದರೂ ಬಿಡುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಒಣಗಿದ ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಾಕೆಟ್ ಒಳಗೆ ಇಟ್ಟುಕೊಳ್ಳುತ್ತೇನೆ. ಮೂಗಿನ ಉಸಿರು ಮೇಲೆ ಹೋಗದ ಹಾಗೆ ಹೆಲ್ಮೆಟ್‌ನ ಗಲ್ಲದ ಭಾಗ ಸರಿಯಾಗಿ ಕೂತಿದೆಯಾ ನೋಡಲಿ. ನಿಂತಲ್ಲೇ ಮಂಜು ಜಾಸ್ತಿ, ಗಾಡಿ ಓಡುತ್ತಿದ್ದರೆ ಗಾಳಿಗೆ ಬಿಡುತ್ತದೆ, ಆದ್ದರಿಂದ ಸ್ಟಾರ್ಟ್ ಲೈನ್‌ನಲ್ಲಿ ಕಾಯುವಾಗ ಗಾಗಲ್ಸ್ ಮೇಲೆತ್ತಿ ಇಟ್ಟುಕೊಂಡು, ಬಾವುಟ ಏಳುವ ಮುಂಚೆ ಇಳಿಸಿಕೊಳ್ಳಲಿ. ಮೊಣಕೈ ಗಾಯ ಒಣಗುವವರೆಗೆ ಗಾರ್ಡ್ ಇಲ್ಲದೆ ಹತ್ತಬೇಡ ಅಂತ ಹೇಳಿ.